ತಂತಿ ಬಿಚ್ಚಿಟ್ಟ ಸ್ಪೀಕರ್

ದೆವ್ವ ಗಿವ್ವ ಎಂದರೆ ನಗುವವರಲ್ಲಿ ನಾನೇ ಮೊದಲಿಗ. ಬೈಲಹೊಂಗಲದಲ್ಲಿ ಗಾಡಿಗಳಿಗೆ ಸೌಂಡ್ ಸಿಸ್ಟಮ್ ಕೂರಿಸುವುದು ನನ್ನ ಕಸುಬು. ಸದ್ದು ಎಲ್ಲಿ ಬಂದರೂ ಅದರ ಹಿಂದೊಂದು ತಂತಿ ಇದ್ದೇ ಇರುತ್ತದೆ ಎಂದು ನಂಬಿದವನು. ಸಬ್‌ವೂಫರಿಗೆ ಅಂದರೆ ಗುಮ್ಮೆನ್ನುವ ದೊಡ್ಡ ಸ್ಪೀಕರಿಗೆ, ನನ್ನಷ್ಟು ಬಿಗಿಯಾಗಿ ಬಾಕ್ಸ್ ಕಟ್ಟುವವರು ಈ ಸುತ್ತಿನಲ್ಲಿ ಇನ್ನೊಬ್ಬರಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದ್ದರಿಂದ ಆ ಸಂಜೆ ಕಂಡದ್ದನ್ನು ನೀವು ನಂಬದಿದ್ದರೂ ಸರಿ, ನನ್ನ ಕೆಲಸದ ಮೇಲೆ ಮಾತ್ರ ಅನುಮಾನ ಪಡಬೇಡಿ.

ಕೆಲವು ವರ್ಷಗಳ ಹಿಂದಿನ ಮಾತು. ದೊಡವಾಡದ ಮೆಹಬೂಬ ತನ್ನ ಜೀಪು ತಂದು ನಿಲ್ಲಿಸಿದ. ಬೈಲಹೊಂಗಲಕ್ಕೆ ಪ್ಯಾಸೆಂಜರ್ ಹೊಡೆಯುವ ಗಾಡಿ. ಮೊದಲು ಅವನೂ ಅವನ ಅಣ್ಣನೂ ಪಾಳಿಯ ಮೇಲೆ ಓಡಿಸುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಇವನೊಬ್ಬನೇ. ಹಿಂದಿನ ಉದ್ದ ಸೀಟು ಕಿತ್ತು, ಆ ಜಾಗದ ತುಂಬ ಬಾಕ್ಸ್ ಕೂರಿಸಬೇಕೆಂದ.

"ಮಂದಿ ಕುಂದ್ರೂ ಜಾಗಾ ಅದು. ನಿನ್ನ ಹೊಟ್ಟಿ ಮ್ಯಾಲ ನೀನ ಯಾಕ ಹೊಡಕೊಂತಿಯೋ ಮಾರಾಯಾ?" ಎಂದೆ.

"ಅಣ್ಣನ್ನ ಬೆಳಗಾವಿ ದವಾಖಾನಿಗೆ ಇದ ಸೀಟ್ ಮ್ಯಾಲ ಮಲಗಿಸ್ಕೊಂಡು ಹೊಂಟಿದ್ನಿರಿ," ಎಂದ. "ಉಬ್ಬಸದ ಉಸಿರು, ಮುಂದ ಕುಂತ್ರೂ ಕೇಳ್ತಿತ್ತು. ನೇಸರಗಿ ದಾಟಿದ ಮ್ಯಾಲ ಯಾವಾಗ ನಿಂತಿತೋ ಗೊತ್ತಾಗ್ಲಿಲ್ಲ. ಈಗೂ ಸ್ಟೇರಿಂಗ್ ಹಿಡದ್ರ ಕಿವಿ ಹಿಂದ ಹೋಗತೈತಿ. ಅಲ್ಲಿ ದೊಡ್ಡ ಸದ್ದ ಇರಬೇಕ್ರಿ. ಇಲ್ಲಂದ್ರ ನನ್ನ ಕೈಲೆ ಗಾಡಿ ಹೊಡಿಯೂದು ಆಗೂದಿಲ್ಲ."

ಗಾಡಿ ಬಿಟ್ಟರೆ ಅವನಿಗೆ ಬೇರೆ ಅನ್ನವಿಲ್ಲ. ನಾನು ಪ್ಲೈವುಡ್ ಕೊಯ್ದೆ.

ಬಾಕ್ಸ್ ಕಟ್ಟಿ, ಸ್ಪೀಕರ್ ಬಿಗಿದು, ಗುಮ್ಮೆನ್ನುವ ಸದ್ದು ಬಿಟ್ಟು, ಸಂದಿಗಳ ಗುಂಟ ಊದಿನಕಡ್ಡಿ ಹಿಡಿಯುವುದು ನನ್ನ ಪದ್ಧತಿ. ಗಾಳಿ ಸೋರುವಲ್ಲಿ ಹೊಗೆ ನಡುಗುತ್ತದೆ. ಅವತ್ತು ಕಡ್ಡಿ ಹಚ್ಚಿದ್ದೇ ತಡ, ಮೆಹಬೂಬ ತಲೆಗೆ ಕರವಸ್ತ್ರ ಕಟ್ಟಿಕೊಂಡು ಎರಡೂ ಕೈ ಎತ್ತಿ ನಿಂತುಬಿಟ್ಟ. ಅವನ ಅಣ್ಣನ ಹೆಸರಿನಲ್ಲಿ ಹಚ್ಚಿದೆನೆಂದುಕೊಂಡಿದ್ದ! ಸೋರಿಕೆ ಹುಡುಕುತ್ತಿದ್ದೇನಪ್ಪಾ ಎನ್ನಲು ನನಗೆ ಬಾಯಿ ಬರಲಿಲ್ಲ. ಒಳಗೊಳಗೇ ನಗು ಬಂತು, ಅದೂ ನಿಜ.

ಒಂದು ಮೂಲೆಯಲ್ಲಿ ಹೊಗೆ ಅಲುಗಿತು. ಅಲ್ಲಿಗೆ ಅಂಟು ಮೆತ್ತಿದೆ. ಅದು ಒಣಗಲಿ ಎಂದು ಸ್ಪೀಕರಿನ ಎರಡೂ ತಂತಿ ಬಿಚ್ಚಿ, ಕಡ್ಡಿಯನ್ನು ಬಾಕ್ಸಿನ ಮುಂದೆ ಸಿಗಿಸಿ, ಕೈ ತೊಳೆಯಲು ಎದ್ದೆ. ಮೆಹಬೂಬ ನನ್ನ ತೋಳು ಹಿಡಿದ.

ಸದ್ದು ಬಿಟ್ಟಾಗ ಅದುರುವ ಸ್ಪೀಕರಿನ ಕಪ್ಪು ಪರದೆ ಮೆಲ್ಲಗೆ ಮುಂದೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು. ಅದರ ಜೊತೆಗೇ ಹೊಗೆಯೂ ಆಚೆ ಈಚೆ ತೂಗುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ, ಸ್ವಲ್ಪ ತಡೆದು ಮತ್ತೆ ಎರಡು ಗಿಡ್ಡ, ಉಬ್ಬಸದವರ ಉಸಿರಿನಂತೆ. ತಂತಿ ನೋಡಿದೆ, ಕೆಳಗೆ ಬಿದ್ದಿತ್ತು. ಬ್ಯಾಟರಿಯ ಫ್ಯೂಸ್ ಕಿತ್ತೆ. ಗಾಳಿಯಿರಬಹುದೆಂದು ಶಟರ್ ಎಳೆದೆ. ಅದು ನಿಲ್ಲಲಿಲ್ಲ. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನು?

ಮೆಹಬೂಬ ಹೆದರಲಿಲ್ಲ. ಬಾಕ್ಸಿನ ಪಕ್ಕ ಕುಳಿತು ಪರದೆಯ ಮೇಲೆ ಹಗುರವಾಗಿ ಅಂಗೈ ಇಟ್ಟ. ಕಡ್ಡಿ ಉರಿದು ಮುಗಿಯುವ ಹೊತ್ತಿಗೆ ಆ ಏರಿಳಿತ ಸಣ್ಣದಾಗುತ್ತ ಬಂತು. ಒಂದು ಉದ್ದದ್ದು ಬಂತು, ಆಮೇಲೆ ಏನೂ ಬರಲಿಲ್ಲ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಈ ಸಲ ಬಾಜೂಕ ಇದ್ನಿರಿ," ಎಂದ.

ತಂತಿ ಜೋಡಿಸಲು ಬಿಡಲಿಲ್ಲ. ಬಾಕ್ಸ್ ಇಳಿಸಿ, ಹಳೆಯ ಸೀಟನ್ನೇ ಮತ್ತೆ ಹಾಕಿಸಿಕೊಂಡು ಹೋದ. ಈಗಲೂ ಅದೇ ಜೀಪು ಹಿಂದೆ ಮಂದಿ ತುಂಬಿಕೊಂಡು ನನ್ನ ಅಂಗಡಿಯ ಮುಂದೆ ಹಾಯುತ್ತದೆ. ಹಾಡು ಗೀಡು ಏನೂ ಇಲ್ಲ.

ಬಾಕ್ಸ್ ನನ್ನಲ್ಲೇ ಉಳಿಯಿತು. ಬಿಚ್ಚಿ ನೋಡಿದೆ, ಬಿಸಿಲಿಗಿಟ್ಟು ನೋಡಿದೆ, ಪಕ್ಕದಲ್ಲಿ ಲಾರಿ ನಿಲ್ಲಿಸಿ ನೋಡಿದೆ. ಪರದೆ ಅಲುಗಲಿಲ್ಲ. ಸೋರಿಕೆಯಂತೂ ಕೂದಲೆಳೆಯಷ್ಟೂ ಇಲ್ಲ. ನನ್ನ ಲೆಕ್ಕಕ್ಕೆ ಇದು ಸಿಕ್ಕಿಲ್ಲ. ಈಗಲೂ ಊದಿನಕಡ್ಡಿ ಹಚ್ಚುತ್ತೇನೆ, ಸೋರಿಕೆ ಹುಡುಕಲೆಂದೇ. ಆದರೆ ಯಾರಾದರೂ ಹಿಂದಿನ ಸೀಟು ಕೀಳಿಸಲು ಬಂದರೆ, ಅಲ್ಲಿ ಯಾರು ಕೂರುತ್ತಿದ್ದರು ಎಂದು ಮೊದಲು ಕೇಳುತ್ತೇನೆ.