ಹೊಸಿಲಿಗೆ ಅಡ್ಡ ಇಟ್ಟ ರಾಟೆ

ಸಾಹುಕಾರರು ಅಕ್ಕನನ್ನು ಕೆಲಸದಿಂದ ತೆಗೆಯಬಹುದಿತ್ತು. ಅವಳ ರಾಟೆಯ ಪಕ್ಕದ ಮಗ್ಗದವನೆಂದು ನನ್ನನ್ನೂ ಓಡಿಸಬಹುದಿತ್ತು. ಒಣಗಾಳಿ ನುಗ್ಗಿ ಮಗ್ಗಕ್ಕೆ ಹೂಡಿದ ಸೀರೆಯ ಹಾಸಿನ ಎಳೆಗಳೆಲ್ಲ ಹರಿಯಬಹುದಿತ್ತು. ಕೆಲಸ ಹೋದ ಅಳಿಯನೆಂದು ಮಾವನ ಮನೆಯವರು ಹೊಸ ಹೆಂಡತಿಯನ್ನು ಕಳಿಸದೆಯೂ ಇರಬಹುದಿತ್ತು... ಮೊನ್ನೆ ಬಸ್ಸಿನಲ್ಲಿ ಪಕ್ಕದವರ ಗಂಟಿನಿಂದ, ಈಗ ನಾವು ನೇಯುವ ನೂಲಿಗಿಲ್ಲದ ಹಸಿ ರೇಷ್ಮೆಯ ಕಮಟು ವಾಸನೆ ಬಂದದ್ದೇ ತಡ, ಇಪ್ಪತ್ತು ವರ್ಷದ ಹಿಂದಿನ ಆ ಭಯಗಳೆಲ್ಲ ಸಾಲಾಗಿ ಬಂದು ಕೂತವು. ಮುಗಿದುಹೋದದ್ದಕ್ಕೂ ಹೆದರುವ ವಿದ್ಯೆ ನನಗೆ ಸಿದ್ಧಿಸಿದೆ.

ಅದು ಎರಡನೆಯ ಮಹಾಯುದ್ಧದ ಕಾಲ. ದೊಡ್ಡಬಳ್ಳಾಪುರದ ಆ ಮಗ್ಗದ ಮನೆಗೆ ದೀಪ ಹಚ್ಚಲು ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಇದ್ದ ಒಂದೇ ಕಿಟಕಿಗೆ ಸಾಹುಕಾರರು ಹಲಗೆ ಹೊಡೆಸಿದ್ದರು. ಮಗ್ಗದಡಿ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕೈಯ ಅಂದಾಜಿನಲ್ಲೇ ನೇಯುತ್ತಿದ್ದೆವು. ನಮ್ಮ ಲಾಳಿಗಳಿಗೆ ರಾಟೆಯಲ್ಲಿ ನೂಲು ಸುತ್ತಿಕೊಡುತ್ತಿದ್ದ, ನಮಗೆಲ್ಲ ಅಕ್ಕನಾಗಿದ್ದವಳ ಜಾಗ ಇನ್ನೂ ಕತ್ತಲ ಮೂಲೆ. ಸಂಜೆ ಹೊರಗೆ ಬಂದರೆ ಎದುರಿದ್ದವರ ಮುಖ ಗುರುತು ಹತ್ತದಷ್ಟು ಅವಳ ಕಣ್ಣು ಸೋತಿತ್ತು. ಕಿಟಕಿ ತೆಗೆಸಿ ಎಂದು ಕೇಳಿ ಕೇಳಿ ಸಾಕಾಗಿ, ಒಂದು ಬೆಳಿಗ್ಗೆ ರಾಟೆಯನ್ನು ಹೊತ್ತೊಯ್ದು ಹೊಸಿಲಿಗೆ ಅಡ್ಡವಾಗಿಟ್ಟು ಅಲ್ಲೇ ಕೂತಳು.

"ಅಕ್ಕಾ, ಬಾಗ್ಲಲ್ಲಿ ಕೂರಬಾರ್ದು," ಎಂದೆ.

"ನೀನ್ ಕೂತಿಲ್ವಲ್ಲ ಪುಕ್ಲಾ, ನೇಯಿ."

ಸಾಹುಕಾರರು ಬಂದರು. ಅವರೂ ನೇಯುವವರ ಮನೆಯಲ್ಲೇ ಹುಟ್ಟಿದವರು. ನಮ್ಮಲ್ಲಿ ರಾಟೆ ದಾಟುವುದೆಂದರೆ ದೇವರನ್ನೇ ದಾಟಿದಂತೆ. ಎತ್ತಿದ ಕಾಲನ್ನು ಹಾಗೇ ಇಳಿಸಿದರು.

"ಏನಮ್ಮಾ ಇದು, ದಾರಿ ಬಿಡು."

"ಬೆಳಕಿರೋದು ಇಲ್ಲೇ ಸಾಹುಕಾರ್ರೇ. ಬೇಕಾದ್ರೆ ದಾಟ್ಕೊಂಡ್ ಹೋಗಿ."

"ಕಿಟಕಿ ತೆಗುದ್ರೆ ಗಾಳಿಗೆ ಎಳೆ ಒಣಗಿ ಕಿತ್ತೋಗುತ್ತೆ ಅಂತ ಹೇಳಿಲ್ವಾ?"

"ಎಳೆ ಕಿತ್ತೋದ್ರೆ ಗಂಟ್ ಹಾಕ್ತೀವಿ. ನನ್ ಕಣ್ಣಿಗೆ ಎಲ್ಲಿ ಗಂಟ್ ಹಾಕ್ತೀರಾ?"

ಯಾರೋ ಕಿಸಕ್ಕೆಂದರು. ನಾನಲ್ಲ. ಸಾಹುಕಾರರು ಬಿಸಿಲಲ್ಲಿ ನಿಂತು ಬೈದರು, ಬೆವರು ಒರೆಸಿಕೊಂಡರು, ಹಿತ್ತಿಲು ಸುತ್ತಿ ಒಳಗೆ ಬಂದರು. ಮಾರನೆಯ ದಿನವೂ ಹಿತ್ತಿಲೇ, ಅದರಾಚೆಗೂ ಹಿತ್ತಿಲೇ... ಕೊನೆಗೆ ಅವರೇ ಬಡಗಿಯನ್ನು ಕರೆಸಿ ಹಲಗೆ ಕೀಳಿಸಿದರು.

ಎಳೆ ಅಲ್ಲೊಂದು ಇಲ್ಲೊಂದು ಹರಿಯಿತು. ಹರಿದದ್ದು ಕಣ್ಣಿಗೆ ಕಂಡಿದ್ದರಿಂದ ಕಟ್ಟಿದೆವು. ಬೆಳಿಗ್ಗೆ ಮಗ್ಗದ ಮನೆಗೆ ಹೊರಡಲು ಮನಸ್ಸಾಗತೊಡಗಿತು. ನಾನು ಹಾಡು ಗುನುಗಿಕೊಂಡು ಹೊರಡುತ್ತಿದ್ದೆನೆಂದು ಹೆಂಡತಿ ಈಗಲೂ ಹೇಳುತ್ತಾಳೆ. ಆದ ಎಡವಟ್ಟು ಒಂದೇ. ಬೆಳಕು ನನ್ನ ಮಗ್ಗದ ಮೇಲೆ ಬಿತ್ತು, ಅಕ್ಕನ ಮೂಲೆಯನ್ನು ಮುಟ್ಟಲಿಲ್ಲ.

"ಜಾಗ ಬದಲಾಯಿಸ್ಕೊಳ್ಳೋಣ ಅಕ್ಕಾ," ಎಂದೆ.

"ಗುಂಡಿ ಎತ್ಕೊಂಡ್ ಬರ್ತೀಯೇನೋ?" ಎಂದು ನಕ್ಕು, ರಾಟೆಯನ್ನು ಮತ್ತೆ ಹೊಸಿಲಿಗೇ ಒಯ್ದಳು. ಸಾಯುವವರೆಗೂ ಅಲ್ಲಿಂದ ಕದಲಲಿಲ್ಲ.

ಅವಳು ಹೋದ ಮೇಲೆ ಸಾಹುಕಾರರು ಮುಂಬಾಗಿಲವರೆಗೆ ಬಂದು, ಖಾಲಿ ಹೊಸಿಲು ನೋಡಿ, ಹಿತ್ತಿಲ ಕಡೆಗೇ ತಿರುಗಿದ್ದು ನೆನಪಿದೆ... ಈಗ ಅವರೂ ಇಲ್ಲ. ಅಕ್ಕನಷ್ಟು ಗಟ್ಟಿಯಾಗಿ ನಮ್ಮ ಪರವಾಗಿ ಮಾತಾಡುವವರೂ ಇಲ್ಲ. ಈಗಿನ ಮಾಲೀಕರು ಕಿಟಕಿ ಮುಚ್ಚಿಸಲೇ ಎಂದು ಆಗಾಗ ಕೇಳುತ್ತಾರೆ. ಕೂಡದು ಎನ್ನುತ್ತೇನೆ. ಎನ್ನುವಾಗ ಕಾಲು ನಡುಗುತ್ತದೆ. ಗುಂಡಿಯೊಳಗಿರುವುದರಿಂದ ಅವರಿಗೆ ಕಾಣುವುದಿಲ್ಲ.