ನಟಿಯ ನಡಿಗೆ, ಹೆಜ್ಜಕ್ಕನ ಕಾಲು

ಬೆಳಗಿನ ಐದೂಕಾಲು. ಹಾಲಿನ ವ್ಯಾನು ಇನ್ನೂ ಬೀದಿಗೆ ಬಂದಿಲ್ಲ. ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಬಳೆ, ಓಲೆ, ಕೈಗಡಿಯಾರ ಎಲ್ಲ ಬಿಚ್ಚಿಟ್ಟು, ಕಾಲಿಗೆ ಪೊಲೀಸ್ ಬೂಟು ಏರಿಸಿ, ನಿಂತಲ್ಲೇ ಓಡುತ್ತಿದ್ದಾರೆ. ಎದುರಿನ ಪರದೆಯ ಮೇಲೆ ಕಾನ್‌ಸ್ಟೇಬಲ್ ಒಬ್ಬ ಕಳ್ಳನ ಹಿಂದೆ ಬಿದ್ದಿದ್ದಾನೆ. ಅವನು ನಿಂತರೆ ಇವರು ನಿಲ್ಲುತ್ತಾರೆ. ಅವನು ಎಡವಿ ಬಿದ್ದರೆ ಇವರು ಪಕ್ಕದಲ್ಲಿದ್ದ ಹಳೇ ಚರ್ಮದ ಚೀಲವನ್ನು ನೆಲಕ್ಕೆ ಒಗೆಯುತ್ತಾರೆ.

ಗಾಜಿನ ಆಚೆಯಿಂದ ರೆಕಾರ್ಡಿಸ್ಟ್ ಮೈಕಿನಲ್ಲಿ ಕೂಗುತ್ತಾನೆ: “ಅಕ್ಕಾ, ಪೊಲೀಸಪ್ಪನ ಹೊಟ್ಟೆ ನೋಡಿ. ನಿಮ್ಮ ಹೆಜ್ಜೆ ಉಪವಾಸ ಇದ್ದ ಹಾಗಿದೆ.”

“ಇರೋದೇ ಉಪವಾಸ ಕಣೋ. ತಿಂಡಿ ತರಿಸು, ಪೊಲೀಸು ತಾನಾಗೇ ದಪ್ಪ ಆಗ್ತಾನೆ.”

ಇವರು ಸಿನಿಮಾಗಳಿಗೆ ಸದ್ದು ಮಾಡುವವರು. ಚಿತ್ರೀಕರಣದ ಜಾಗದಲ್ಲಿ ಮೈಕಿಗೆ ಮಾತು ಸಿಕ್ಕಿದರೆ ಅದೇ ಪುಣ್ಯ. ಹೆಜ್ಜೆ, ಬಾಗಿಲು, ಬಟ್ಟೆಯ ಸರಬರ ಎಲ್ಲ ಆಮೇಲೆ ಇಲ್ಲಿ ಹುಟ್ಟಬೇಕು. ಸೌತೆಕಾಯಿ ಮುರಿದರೆ ಖಳನಾಯಕನ ಬೆನ್ನುಮೂಳೆ. ಒದ್ದೆ ಟವೆಲ್ ಬಡಿದರೆ ಕಪಾಳಮೋಕ್ಷ. ಸ್ಟುಡಿಯೋದಲ್ಲಿ ಇವರಿಗೆ ಹೆಜ್ಜಕ್ಕ ಅಂತಲೇ ಹೆಸರು. ಹತ್ತೊಂಬತ್ತು ವರ್ಷ, ಮುನ್ನೂರು ಚಿಲ್ಲರೆ ಸಿನಿಮಾ, ಕಪಾಟಿನಲ್ಲಿ ಅರವತ್ಮೂರು ಜೊತೆ ಚಪ್ಪಲಿ–ಬೂಟು, ನೆಲದಲ್ಲಿ ಆರು ಚೌಕ: ಮಣ್ಣು, ಕಲ್ಲು, ಮರ, ಜಲ್ಲಿ, ಟೈಲ್ಸ್, ತಗಡು. ಏಳೂವರೆಗೆ ಗೋಡೆಯಾಚೆ ಬಸ್ಸುಗಳು ಶುರುವಾಗುತ್ತವೆ. ಅಷ್ಟರೊಳಗೆ ಊರು ಸುಡಬೇಕೋ, ಮದುವೆಯಾಗಬೇಕೋ, ಎಲ್ಲ ಮುಗಿದಿರಬೇಕು.

ಹೆಜ್ಜಕ್ಕನ ಅತ್ತೆ ಹೇಳುವುದೇ ಬೇರೆ. “ಊರಿಗೆಲ್ಲ ಸದ್ದು ಮಾಡ್ತಾಳೆ. ಮನೇಲಿ ಮಾತ್ರ ಬೆಕ್ಕು. ಯಾವಾಗ ಬಂದು ಹಿಂದೆ ನಿಂತ್ಲು ಅಂತಾನೇ ಗೊತ್ತಾಗಲ್ಲ. ಅವಳ ಬಗ್ಗೆ ನಾಲ್ಕು ಮಾತು ಆಡೋಣ ಅಂದ್ರೆ ಧೈರ್ಯ ಬರಲ್ಲ.”

ಇಂಥ ಬೆಕ್ಕಿನ ಹೊಟ್ಟೆಯಲ್ಲಿ ಒಂದು ವರ್ಷದಿಂದ ಬೆಂಕಿ ಉರಿಯುತ್ತಿದೆ. ಕಾರಣ, ನೂರು ದಿನ ಓಡಿ, ಪ್ರಶಸ್ತಿ ಬಾಚಿ, ಬರುವ ಶುಕ್ರವಾರ ಡಿವಿಡಿಯಾಗಿ ಮನೆಮನೆಗೆ ಬರಲಿರುವ ಆ ಸಿನಿಮಾ.

ಕಥೆ ಬಹಳ ಜನಕ್ಕೆ ಗೊತ್ತು. ಇಪ್ಪತ್ತು ವರ್ಷ ದುಡಿದ ನರ್ಸ್ ಒಬ್ಬಳನ್ನು ಕಳವಿನ ಸುಳ್ಳು ಆರೋಪ ಹೊರಿಸಿ ಆಸ್ಪತ್ರೆಯಿಂದ ಹೊರಹಾಕುತ್ತಾರೆ. ಉದ್ದನೆಯ ಕಾರಿಡಾರಿನಲ್ಲಿ ಅವಳು ನಡೆದು ಹೋಗುತ್ತಾಳೆ. ಸಂಗೀತ ಇಲ್ಲ, ಮಾತಿಲ್ಲ. ನಲವತ್ತೊಂದು ಹೆಜ್ಜೆ ಅಷ್ಟೇ. ವಿಮರ್ಶಕರೊಬ್ಬರು ಬರೆದರು: ‘ಎಡಗಾಲು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆ ತಡದಲ್ಲಿ ಇಪ್ಪತ್ತು ವರ್ಷದ ಅವಮಾನವಿದೆ. ಈ ನಟಿ ಪಾದದಲ್ಲಿ ಅಳಬಲ್ಲರು.’

“ಪಾದದಲ್ಲಿ ಅತ್ತಿದ್ದು ನಾನು,” ಎನ್ನುತ್ತಾರೆ ಹೆಜ್ಜಕ್ಕ, ಬೂಟಿನ ದಾರ ಬಿಚ್ಚುತ್ತ. “ಉಳುಕಿತ್ತು, ಅದಕ್ಕೆ.”

ಆ ದಿನ ಬೆಳಿಗ್ಗೆ ಶೂಗಳ ಪೆಟ್ಟಿಗೆ ಹೊತ್ತು ಬಸ್ಸಿಳಿಯುವಾಗ ಎಡಗಾಲಿನ ಹರಡು ಉಳುಕಿತ್ತು. ಹೇಳಿದರೆ ಮನೆಗೆ ಕಳಿಸಿ ಬೇರೆಯವರನ್ನು ಕರೆಸುತ್ತಾರೆಂದು ಬಾಯಿಬಿಡಲಿಲ್ಲ. ಹಲ್ಲು ಕಚ್ಚಿ ಟೈಲ್ಸ್ ಚೌಕದ ಮೇಲೆ ನರ್ಸಿನ ಬಿಳಿ ಶೂನಲ್ಲಿ ನಡೆದರು. ರೆಕಾರ್ಡಿಸ್ಟನ ಕಿವಿ ಬಿಡುತ್ತದೆಯೇ? “ಏನೋ ಎಳೀತಿದೆಯಲ್ಲಕ್ಕ?” ಅಂದ. “ಪಾತ್ರಕ್ಕೆ ದುಃಖ ಇಲ್ವೇನೋ? ಅದು ಎಳೀತಿದೆ,” ಅಂದುಬಿಟ್ಟರು. ನಿರ್ದೇಶಕರು ಕೇಳಿ ಕಣ್ಣೊರೆಸಿಕೊಂಡರು. ಸಿನಿಮಾದಲ್ಲಿ ಅದನ್ನೇ ಇಟ್ಟರು.

ಚಿತ್ರೀಕರಣದ ದಿನ ನಟಿಯ ಕಾಲಲ್ಲಿ ಇದ್ದದ್ದು ಸ್ಪಂಜಿನ ಚಪ್ಪಲಿ. ಕ್ಯಾಮೆರಾ ಸೊಂಟದಿಂದ ಕೆಳಗೆ ಇಳಿದೇ ಇಲ್ಲ. ಆದರೂ ಪ್ರಶಸ್ತಿ ಬಂದ ವಾರ ಸಂದರ್ಶನವೊಂದರಲ್ಲಿ ಆಕೆ, “ಆ ನಡಿಗೆಗಾಗಿ ಮೂರು ತಿಂಗಳು ತಾಲೀಮು ಮಾಡಿದ್ದೆ,” ಎಂದರು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರಾದ ಕಾಲು ಒಬ್ಬರದು, ಮೊಸರಾದ ಬಾಯಿ ಇನ್ನೊಬ್ಬರದು. ಹೆಜ್ಜಕ್ಕ ಅಂದು ರಾತ್ರಿ ಊಟ ಬಿಟ್ಟರು. ಪತ್ರಿಕೆಯ ಆ ಪುಟ, ಟೈಲರ್ ಆಗಿರುವ ಗಂಡನ ಅಂಗಡಿಯಲ್ಲಿ ಬಟ್ಟೆಯ ಅಳತೆ ಕತ್ತರಿಸುವ ಕಾಗದವಾಯಿತು.

“ಹೊಟ್ಟೆಕಿಚ್ಚು ಅಂತೀರಾ? ಹೌದು, ಹೊಟ್ಟೆಕಿಚ್ಚೇ,” ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. “ಅವಳ ಮುಖದ ಮೇಲೆ ಅಲ್ಲ, ನಿಜವಾಗ್ಲೂ ಚೆನ್ನಾಗಿದ್ದಾಳೆ. ದುಡ್ಡಿನ ಮೇಲೂ ಅಲ್ಲ. ನನ್ನ ನೋವು ತಗೊಂಡು ಹೋಗಿ ಅವಳ ಷೋಕೇಸ್‌ನಲ್ಲಿ ಇಟ್ಕೊಂಡಿದ್ದಾಳಲ್ಲ, ಅದಕ್ಕೆ.”

ಥಿಯೇಟರಿನಲ್ಲಿ ಹೆಸರುಗಳು ಮೇಲೇರುವಾಗ ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿರುತ್ತಾರೆ. ಹುಡುಕದಿದ್ದರೂ ಪ್ರಯೋಜನವಿಲ್ಲ, ಅಲ್ಲಿರುವುದು ‘ಧ್ವನಿ ವಿಭಾಗ: ರೆಕಾರ್ಡಿಸ್ಟ್ ಮತ್ತು ಇತರರು’. “ಅದರಲ್ಲಿ ಆ ‘ಮತ್ತು’ ಇದೆಯಲ್ಲ, ಅದು ನಾನು,” ಎನ್ನುತ್ತಾರೆ. ಹಾಗಾಗಿ ಅವರ ಆಸೆಯೆಲ್ಲ ಡಿವಿಡಿಯ ಮೇಲೆ. ಸಿನಿಮಾ ಜೊತೆಗೆ, ಅದು ತಯಾರಾದ ಬಗೆಯನ್ನು ತೋರಿಸುವ ಹನ್ನೊಂದು ನಿಮಿಷದ ವಿಶೇಷ ಭಾಗವಿದೆ ಎಂದು ಗೊತ್ತಾದಾಗಿನಿಂದ, ಅದರಲ್ಲಿ ಒಂದೇ ಒಂದು ವಾಕ್ಯ ಬಂದರೆ ಸಾಕು ಎಂದು ಕಾದರು: ಈ ಹೆಜ್ಜೆ ಇವರದು.

ಕಳೆದ ತಿಂಗಳು ಕರೆ ಬಂದೇ ಬಂತು. ಹೊಸ ಕಾಟನ್ ಬಟ್ಟೆ ಹಾಕಿಕೊಂಡು ಹೋದರು. ಹೋದ ಮೇಲೆ ತಿಳಿದದ್ದು: ಚಿತ್ರೀಕರಿಸುವುದು ನಟಿಯನ್ನು. ಆಕೆ ಇದೇ ಟೈಲ್ಸ್ ಚೌಕದಲ್ಲಿ ಆ ನಡಿಗೆ ನಡೆದು ತೋರಿಸಬೇಕು. ಆಕೆಗೆ ಬರುತ್ತಿಲ್ಲ. ಹೆಜ್ಜಕ್ಕ ಹೇಳಿಕೊಡಬೇಕು!

“ನನ್ನ ಕುಂಟು ನಾನೇ ಅವಳಿಗೆ ಟ್ಯೂಷನ್ ಕೊಡಬೇಕಂತೆ. ಮೈಯೆಲ್ಲ ಉರೀತು. ಆದ್ರೂ ಶೂ ಹಾಕ್ಕೊಂಡೆ. ನೋಡ್ಲಿ ಒಂದ್ಸಲ, ಅಸಲಿ ಅಂದ್ರೆ ಏನು ಅಂತ.”

ನಡೆದರು. ರೆಕಾರ್ಡಿಸ್ಟ್ ಇಲ್ಲವೆಂದು ತಲೆಯಾಡಿಸಿದ. ಮತ್ತೆ ನಡೆದರು. ಮತ್ತೆ ತಲೆಯಾಡಿಸಿದ. ಉಳುಕು ವಾಸಿಯಾಗಿ ವರ್ಷದ ಮೇಲಾಗಿತ್ತು. ಗಟ್ಟಿಮುಟ್ಟಾದ ಕಾಲು ಎಷ್ಟು ಎಳೆದರೂ ನಾಟಕದ ಭಿಕ್ಷುಕನ ಕುಂಟಿನಂತೆ ಕೇಳುತ್ತಿತ್ತು. ಇಬ್ಬರು ಹೆಂಗಸರು ಅರ್ಧ ಗಂಟೆ, ಒಬ್ಬರ ಹಿಂದೆ ಒಬ್ಬರು, ಒಂದೂವರೆ ಮೀಟರಿನ ಚೌಕದಲ್ಲಿ ಬಾತುಕೋಳಿಗಳ ಹಾಗೆ ಸುತ್ತಿದರು.

ಕೊನೆಗೆ ನಟಿ ನಗುತ್ತಾ ಕೂತುಬಿಟ್ಟರು. “ಅಕ್ಕಾ, ಅವತ್ತು ಹೇಗೆ ಮಾಡಿದ್ರಿ ಹೇಳಿ.”

“ಮಾಡ್ಲಿಲ್ಲ ಕಣಮ್ಮ. ಉಳುಕಿತ್ತು.”

ನಟಿಯ ನಗು ನಿಂತಿತು. “ಥಿಯೇಟರಲ್ಲಿ ಕೇಳಿದಾಗ ನಂದೇ ಅಂದ್ಕೊಂಡೆ ಅಕ್ಕ. ಮೂರು ತಿಂಗಳು ನಿಜವಾಗ್ಲೂ ನಡೆದಿದ್ದೆ.” ಆಮೇಲೆ ಕ್ಯಾಮೆರಾದವನ ಕಡೆ ತಿರುಗಿ, “ಇದನ್ನ ಕಟ್ ಮಾಡ್ಬೇಡಿ, ಹಾಗೇ ಇಡಿ,” ಎಂದರು.

ಹೆಜ್ಜಕ್ಕನಿಗೆ ಆಗ ಸಮಾಧಾನವಾಗಬೇಕಿತ್ತು. “ಎಲ್ಲಿ ಬಂತು? ಬೈಯೋಣ ಅಂತ ವರ್ಷದಿಂದ ಮಾತು ಜೋಡಿಸಿಟ್ಟಿದ್ದೆ. ಒಳ್ಳೆಯವಳಾಗಿಬಿಟ್ಟಳು! ನೋಡಿ, ದೊಡ್ಡತನಾನೂ ಅವಳ ಪಾಲಿಗೇ ಹೋಯ್ತು.”

ಮೊನ್ನೆ ರೆಕಾರ್ಡಿಸ್ಟ್ ಸಿದ್ಧವಾದ ವಿಶೇಷ ಭಾಗದ ಶಬ್ದ ಪರೀಕ್ಷಿಸಲು ಹೋಗಿದ್ದ. ಬಂದವನು ಹೆಜ್ಜಕ್ಕನ ಮುಖ ನೋಡದೆ ಹೇಳಿದ: ಆ ಮಾತುಕತೆ ಇಲ್ಲ. ಪ್ರಶಸ್ತಿ ಬಂದ ಅಭಿನಯಕ್ಕೆ ಉಳುಕಿನ ಕಥೆ ಒಗ್ಗುವುದಿಲ್ಲ ಎಂದು ಪ್ರಚಾರದವರು ತೆಗೆಸಿದ್ದಾರೆ. ಉಳಿದಿರುವುದು ಹತ್ತು ಸೆಕೆಂಡು, ಬಿಳಿ ಶೂ ತೊಟ್ಟ ಎರಡು ಕಾಲು. ಕಾಲು ಹೆಜ್ಜಕ್ಕನದೇ. ಕೆಳಗೆ ಅಕ್ಷರ: ‘ತಾಲೀಮಿನಲ್ಲಿ ನಾಯಕಿ’.

ಡಿವಿಡಿ ಬೇಡವೇ ಬೇಡ ಎಂದು ಅತ್ತೆ ಮುನಿದಿದ್ದಾರೆ. “ಆ ನಟಿಯ ಪಿಕ್ಚರ್ ನಮ್ಮ ಮನೆಗೆ ಯಾಕೆ?” ಗಂಡ ಮಾತ್ರ ಅಂಗಡಿಯವನಿಗೆ ಆಗಲೇ ಹೇಳಿಟ್ಟಿದ್ದಾರೆ, ಹೆಂಡತಿಯೇ ಹೇಳಿಸಿದ್ದು. ಇಷ್ಟಾದ ಮೇಲೂ ನೋಡುತ್ತೀರಾ ಎಂದರೆ, ಹೆಜ್ಜಕ್ಕ ತಗಡಿನ ಚೌಕಕ್ಕೆ ದಾಟುತ್ತಾರೆ. ಕಳ್ಳ ಈಗ ಶೆಡ್ಡಿನ ಮಾಡು ಹತ್ತಿದ್ದಾನೆ, ಅವನೂ ಇವರೇ ಆಗಬೇಕು.

“ನೋಡ್ದೆ ಏನು? ಎಲ್ಲರನ್ನೂ ಕೂರಿಸ್ಕೊಂಡು ನೋಡ್ತೀನಿ. ಕಾರಿಡಾರ್ ಸೀನು ಬಂದಾಗ, ಒಂದ್ನಿಮಿಷ ಎಲ್ಲರೂ ಕಣ್ಣು ಮುಚ್ಕೊಳ್ಳಿ ಅಂತೀನಿ. ಕಣ್ಣು ಮುಚ್ಚಿದ್ರೆ ಆ ಪಿಕ್ಚರಲ್ಲಿ ಇರೋದು ನಾನೊಬ್ಳೇ.”