ಮಣಿಕಟ್ಟಿನಲ್ಲಿ ಮಗಳ ಅಳು

ಏಳನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ನನ್ನ ಎರಡೂ ಕಿವಿಗಳನ್ನು ಕೆಡಿಸಿಬಿಟ್ಟಿತು. ಅದಾಗಲೇ ಕಲಿತಿದ್ದ ಮಾತು ಮಾತ್ರ ಉಳಿಯಿತು. ಎದುರಿಗಿರುವವರ ತುಟಿ ನೋಡಿದರೆ ತುಳುವಾಗಲಿ ಕನ್ನಡವಾಗಲಿ ನನಗೆ ತಿಳಿಯುತ್ತದೆ. ಮದುವೆಯಾಗಿ ಮೂಡುಬಿದಿರೆಯ ಈ ಮನೆಗೆ ಬಂದ ಮೇಲೆ ಗಂಡನ ತುಟಿ ಸುಲಭವಾಗಿ ಅಭ್ಯಾಸವಾಯಿತು. ಅತ್ತೆಯದ್ದು ಕಷ್ಟ. ಅವರ ಬಾಯಲ್ಲಿ ಸದಾ ಎಲೆಅಡಿಕೆ. ನನ್ನಲ್ಲಿ ಮುಖ್ಯವಾದ ಮಾತೇನಾದರೂ ಆಡುವುದಿದ್ದರೆ ಅವರು ಮೊದಲು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಅವರು ಹಾಗೆ ಬಾಯಿ ಒರೆಸಿಕೊಳ್ಳುತ್ತಾ ಬಂದರೆ ನನಗೆ ಎದೆ ಡವಡವ.

ಮಗಳು ಹುಟ್ಟಿದ ಮೇಲೆ ಅತ್ತೆ ಮನೆ ಬಿಟ್ಟು ಹೊರಡಲೇ ಇಲ್ಲ. ನೆಂಟರ ಮದುವೆಗಳು ಹೋದವು, ಒಂದು ವರ್ಷವೂ ತಪ್ಪಿಸದ ಪೊಳಲಿ ದೇವಸ್ಥಾನದ ಸೇವೆ ಹೋಯಿತು. ಕೊಕ್ಕಡದಲ್ಲಿರುವ ನಾದಿನಿ ಕರೆದು ಕರೆದು ಸಾಕಾದಳು. ಯಾಕೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಾನು ಮಗುವಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದೆ, ಅಳುವಾಗ ಹೊಟ್ಟೆ ಅದುರುತ್ತದಲ್ಲ. ಆದರೆ ಹಗಲಿಡೀ ಹಾಗೆ ಕೂರಲಾಗುತ್ತದೆಯೇ? ಒಂದು ದಿನ ನಾನು ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಬಾವಿಕಟ್ಟೆಯಿಂದ ಅತ್ತೆ ಕೊಡ ಅಲ್ಲೇ ಬಿಟ್ಟು ಓಡಿಬಂದು, ನನ್ನನ್ನು ದಾಟಿ ಒಳಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಮಗು ಅತ್ತು ಅತ್ತು ಕೆಂಪಾಗಿತ್ತು. ಅತ್ತೆ ಅದನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ಸವರಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಅದನ್ನು ಗಂಡನಿಗೆ ಹೇಳುವಾಗ ನಾನು ಅತ್ತಿರಬೇಕು. ಅವರು ಬಂಟ್ವಾಳದ ಕಡೆ ಹೊಸ ಮನೆಗಳಿಗೆ ವಯರಿಂಗ್ ಮಾಡುವವರು. ಮುಂದಿನ ಭಾನುವಾರ ಒಂದು ರಟ್ಟಿನ ಪೆಟ್ಟಿಗೆ ತಂದು ಜಗಲಿಯಲ್ಲಿ ಬಿಚ್ಚಿದರು.

"ಈ ಡಬ್ಬಿ ತೊಟ್ಟಿಲಿನ ಹತ್ತಿರ ಇರ್ತದೆ. ಮಗು ಅತ್ತರೆ ಚಾವಡಿಯ ಬಲ್ಬು ನೀಲಿ ಆಗ್ತದೆ, ನಿನ್ನ ಕೈಯ ವಾಚು ನಡುಗ್ತದೆ. ಬಾಗಿಲಿನ ಬೆಲ್ಲಿಗೆ ಹಳದಿ. ಇನ್ನೊಂದು ಅಡುಗೆಮನೆಯಲ್ಲಿ, ನೆಲದ ಹತ್ತಿರ. ಗ್ಯಾಸು ಸೋರಿದರೆ ಬಲ್ಬು ಕೆಂಪು. ಆಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಗೊತ್ತುಂಟಲ್ಲ?"

ಅತ್ತೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು. "ಮಗುವನ್ನು ಬಲ್ಬಿನ ಕೈಗೆ ಕೊಡುವುದಾ ಮಾರಾಯಾ?"

"ಬಲ್ಬಿನ ಕೈಗಲ್ಲ ಅಮ್ಮ, ಅದರ ಅಮ್ಮನ ಕೈಗೆ."

ಮೊದಲ ವಾರ ವಾಚು ನನ್ನನ್ನು ಚೆನ್ನಾಗಿಯೇ ಓಡಿಸಿತು. ಕುಕ್ಕರು ಕೂಗಿದರೂ ನಡುಕ, ಪಕ್ಕದ ಮನೆಯ ಬೆಕ್ಕು ಜಗಳಕ್ಕೆ ನಿಂತರೂ ನಡುಕ. ಓಡಿಹೋಗಿ ನೋಡಿದರೆ ಮಗಳು ಗಾಢ ನಿದ್ದೆಯಲ್ಲಿ. ಅತ್ತೆ ಸೆರಗಿನೊಳಗೆ ನಗುತ್ತಿದ್ದರು. ಗಂಡ ಮೊಬೈಲಿನಲ್ಲಿ ಏನೇನೋ ತಿದ್ದಿ, ತೊಟ್ಟಿಲನ್ನು ಅಡುಗೆಮನೆಯ ಗೋಡೆಯಿಂದ ದೂರ ಸರಿಸಿದ ಮೇಲೆ ಅದು ಸರಿಯಾಯಿತು. ಆಮೇಲಾಮೇಲೆ ಮಗಳು ಅತ್ತಳೆಂದು ಅತ್ತೆ ಏಳುವಷ್ಟರಲ್ಲಿ ನಾನು ತೊಟ್ಟಿಲಿನ ಬಳಿ ಇರುತ್ತಿದ್ದೆ. ಅವರು ಅರ್ಧ ಎದ್ದವರು ಹಾಗೆಯೇ ಕೂರುತ್ತಿದ್ದರು. ಹೇಳಬಾರದು, ಆದರೂ ನನಗೆ ಅದರಲ್ಲಿ ಬಹಳ ಖುಷಿ.

ತಪ್ಪಿಹೋಗಿದ್ದ ಪೊಳಲಿಯ ಸೇವೆಗೆ ಅತ್ತೆ ಈಗಲಾದರೂ ಹೋಗಲೇಬೇಕೆಂದು ಗಂಡ ಹಠ ಹಿಡಿದರು. ಅತ್ತೆ ಹೊರಟವರು ಗೇಟಿನಿಂದ ಎರಡು ಸಲ ತಿರುಗಿ ಬಂದರು. ಬಸ್ಸು ತಪ್ಪುತ್ತದೆಂದು ನಾನೇ ಕೈಹಿಡಿದು ರಸ್ತೆಗೆ ಬಿಟ್ಟು ಬಂದೆ. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದರು. ಬಾಗಿಲು ಹಾಕಿಕೊಂಡು ನಿಂತಾಗ ಹೊಳೆಯಿತು, ಮಗಳು ಹುಟ್ಟಿದ ಮೇಲೆ ನಾವಿಬ್ಬರೇ ಮನೆಯಲ್ಲಿರುವುದು ಇದೇ ಮೊದಲು.

ಬೆಳಗ್ಗೆಯಿಡೀ ಸುಖವಾಗಿ ಕಳೆಯಿತು. ಅವಳು ಅತ್ತಾಗಲೆಲ್ಲ ಮಣಿಕಟ್ಟು ನಡುಗಿತು, ಹೋಗಿ ಎತ್ತಿಕೊಂಡೆ, ಹಾಲು ಕೊಟ್ಟೆ, ಮಲಗಿಸಿದೆ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ ಒಲೆಯ ಮೇಲಿಟ್ಟು, ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಹಾಕಲು ಹೋದೆ. ಅರ್ಧ ಬಟ್ಟೆ ಹಾಕಿರಬಹುದು, ವಾಚು ಬಿಡದೆ ನಡುಗತೊಡಗಿತು. ಅಳುವಾದರೆ ಬಿಟ್ಟು ಬಿಟ್ಟು ನಡುಗುತ್ತದೆ. ಇದು ಬೇರೆ. ನೋಡಿದರೆ ಪರದೆಯ ಮೇಲೆ ಒಂದೇ ಪದ: ಗ್ಯಾಸ್.

ಹಿತ್ತಲ ಬಾಗಿಲು ತೆರೆದುಕೊಳ್ಳುವುದು ಅಡುಗೆಮನೆಗೇ. ಒಳಗೆ ಕಾಲಿಟ್ಟೊಡನೆ ವಾಸನೆ ಮೂಗಿಗೆ ಬಡಿಯಿತು. ಗಂಜಿ ಉಕ್ಕಿ ಸುರಿದು ಒಲೆ ಆರಿತ್ತು, ಗ್ಯಾಸು ಮಾತ್ರ ಬರುತ್ತಲೇ ಇತ್ತು. ಒಲೆ ತಿರುಗಿಸಿದೆ, ಬಗ್ಗಿ ರೆಗ್ಯುಲೇಟರ್ ಮುಚ್ಚಿದೆ, ಕಿಟಕಿ ದೂಡಿದೆ. ಕೈ ಅಭ್ಯಾಸದಂತೆ ಫ್ಯಾನಿನ ಸ್ವಿಚ್ಚಿನತ್ತ ಹೋಯಿತು. ಅಲ್ಲೇ ತಡೆದೆ. ಚಾವಡಿಯ ಬಲ್ಬು ಕೆಂಪಗೆ ಉರಿಯುತ್ತಿತ್ತು. ತೊಟ್ಟಿಲಿನಿಂದ ಮಗಳನ್ನು ಎತ್ತಿಕೊಂಡು ಮುಂಬಾಗಿಲು ಹಾರುಹೊಡೆದು ಅಂಗಳ ದಾಟಿ ನಿಂತೆ. ಅವಳಿಗೆ ಎಚ್ಚರವೂ ಆಗಿರಲಿಲ್ಲ. ಗಾಳಿಯಾಡಿ, ತೆರೆದ ಬಾಗಿಲಿನೊಳಗೆ ಕಾಣುತ್ತಿದ್ದ ಬಲ್ಬು ಕೆಂಪಿನಿಂದ ಬಿಳಿಗೆ ತಿರುಗಿದಾಗ ಮಾತ್ರ ನಾನು ಏನು ಮಾಡಿದೆನೆಂದು ನನಗೆ ತಿಳಿಯಿತು. ಒಬ್ಬಳೇ ಇದ್ದೆ, ಮಗಳನ್ನು ಕಾಪಾಡಿದ್ದೆ. ಅಂಗಳದ ನಡುವೆ ನಿಂತು ಜೋರಾಗಿ ನಕ್ಕೆ. ಎಷ್ಟು ಜೋರೆಂದು ನನಗೆ ಗೊತ್ತಿಲ್ಲ, ಮಗಳಂತೂ ಎದ್ದು ಕಣ್ಣರಳಿಸಿ ನೋಡಿದಳು.

ಸಂಜೆ ಅತ್ತೆ ಪ್ರಸಾದದೊಂದಿಗೆ ಬಂದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಇನ್ನು ಇವರು ಮನೆ ಬಿಟ್ಟು ಕದಲುವುದಿಲ್ಲ ಎಂದುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಒಲೆ ನೋಡಿದರು, ನೆಲದ ಬಳಿಯ ಆ ಬಿಳಿ ಡಬ್ಬಿಯನ್ನು ಬಗ್ಗಿ ನೋಡಿದರು. ಬಾಯಿ ಮುಕ್ಕಳಿಸಿ ಬಂದು ನನ್ನ ಎದುರು ನಿಂತರು.

"ಈ ಡಬ್ಬಿ ಇಲ್ಲದೆ ನಾನು ಮಾತ್ರ ಇದ್ದಿದ್ದರೆ ಏನಾಗ್ತಿತ್ತು ಹೇಳು. ನಾನು ಚಾವಡಿಯಲ್ಲಿ ಕೂತಿರ್ತಿದ್ದೆ. ನನಗೆ ಮೂಗು ಕಟ್ಟಿ ಎಷ್ಟು ವರ್ಷ ಆಯ್ತು! ವಾಸನೆ ಎಂಬುದೇ ಇಲ್ಲ."

"ನಿಮಗೆ ಕಿವಿ ಉಂಟಲ್ಲ ಅತ್ತೆ."

"ಸೋರುವ ಗ್ಯಾಸಿಗೆ ಸ್ವರ ಉಂಟಾ ಮಾರಾಯ್ತಿ?" ಎಂದು ನನ್ನ ಕೆನ್ನೆ ಹಿಡಿದರು. "ಮಗಳ ಮನೆಗೆ ಹೋಗದೆ ಬಹಳ ದಿನ ಆಯ್ತು. ಹೋಗಿ ಒಂದು ವಾರ ಕೂತು ಬರ್ತೇನೆ. ನೀನು ಇದ್ದೀಯಲ್ಲ."

ಆ ಕೊನೆಯ ಮಾತನ್ನು ಅವರು ಇನ್ನೊಮ್ಮೆ ಹೇಳಲಿ ಎಂದು, ತುಟಿ ಸರಿಯಾಗಿ ಕಾಣಲಿಲ್ಲ ಎಂದೆ. ಅವರು ಹೇಳಿದರು. ಹೇಳಿದ ಹಾಗೆ ಕೊಕ್ಕಡಕ್ಕೂ ಹೋದರು.

ಕಳೆದ ತಿಂಗಳು ಪುತ್ತಿಗೆಯಿಂದ ಒಂದು ಜೋಡಿ ಈ ಬಲ್ಬು, ವಾಚು ನೋಡಲೆಂದು ನಮ್ಮ ಮನೆಗೆ ಬಂತು. ಗಂಡ ಹೆಂಡತಿ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು, ಅವಳು ತುಂಬುಗರ್ಭಿಣಿ. ಮಗುವನ್ನು ತವರಿನಲ್ಲೇ ಬಿಡಬೇಕೆಂದು ಮನೆಯವರು ಹೇಳುತ್ತಿದ್ದಾರಂತೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕಲಿತಿದ್ದ ಕೈಸನ್ನೆಯಲ್ಲಿ ನಾನು ವಿವರಿಸಲು ಶುರುಮಾಡಿದೆ. ಅತ್ತೆಗೆ ಅಷ್ಟು ತಾಳ್ಮೆ ಎಲ್ಲಿ? ತೊಟ್ಟಿಲಿನ ಬಳಿ ಕುಕ್ಕರಗಾಲಿನಲ್ಲಿ ಕೂತು, ಬಾಯಿ ಅಗಲಿಸಿ, ಎಳೆಮಗುವಿನ ಹಾಗೆ ಅತ್ತರು. ಬಲ್ಬು ನೀಲಿಯಾಯಿತು. ನಾನು ಆ ಹುಡುಗಿಯ ಬೆರಳುಗಳನ್ನು ನನ್ನ ಮಣಿಕಟ್ಟಿನ ಮೇಲೆ ಒತ್ತಿ ಹಿಡಿದೆ. ನಡುಕ ತಾಗಿದ್ದೇ ಅವಳ ಮುಖ ಅರಳಿತು. ಕೈ ತೆಗೆಯದೆ, ಇನ್ನೊಂದು ಕೈಯಿಂದ ಸನ್ನೆ ಮಾಡಿದಳು: ಮತ್ತೊಮ್ಮೆ.

ಅತ್ತೆ ದೀರ್ಘವಾಗಿ ಉಸಿರೆಳೆದುಕೊಂಡು, ಕಣ್ಣು ಮುಚ್ಚಿ, ಮೊದಲಿಗಿಂತ ಜೋರಾಗಿ ಅತ್ತರು.